ಕೂಗದ ಹೆಸರು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರಿಗೂ ಇದೆ. ಆದರೆ ಆ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆಲ್ಲ ಅವರು ಕಹಳೆಯವರು. ಬಾಗಿಲಲ್ಲಿ ನಿಂತು, ಒಳಗೆ ಯಾರ ಸರದಿ ಬಂದಿದೆಯೋ ಅವರ ಹೆಸರನ್ನು ಹೊರಗಿನ ಜನಕ್ಕೆ ಮೂರು ಸಲ ಕೂಗಿ ಹೇಳುವ ಜವಾನ. ಇದೇನು ಮಹಾ ಕೆಲಸ ಎಂದು ಮೂಗು ಮುರಿಯುವವರು ಒಮ್ಮೆ ಆ ಕಾರಿಡಾರಿನಲ್ಲಿ ನಿಂತು ನೋಡಬೇಕು. ಒಂದು ಕಡೆ ಟೈಪಿಂಗಿನ ಸದ್ದು, ಇನ್ನೊಂದು ಕಡೆ ಅಣ್ಣತಮ್ಮಂದಿರ ಜಗಳ, ನಡುವೆ ಅಳುವ ಕೂಸು, ಕಿವಿ ಮಂದವಾದ ಮುದುಕರು, ಟೀ ಕುಡಿಯಲು ಗೇಟಿನಾಚೆ ಹೋದ ಕಕ್ಷಿದಾರರು. ಕೂಗು ಕೇಳಿಸದೆ ಹೋದರೆ ವಾರಂಟು ಹೊರಡುತ್ತದೆ. ಕಹಳೆಯವರ ಕಾಲದಲ್ಲಿ ಮಾತ್ರ, ಕೂಗು ಕೇಳಿಸಲಿಲ್ಲ ಎಂದು ನೆಪ ಹೇಳಿ ಪಾರಾದವನು ಒಬ್ಬನೂ ಇಲ್ಲ.

ದನಿ ಹುಟ್ಟಿನಿಂದಲೇ ಬಂದದ್ದು. ತೊಟ್ಟಿಲಲ್ಲಿ ಅತ್ತರೆ ಎದುರು ಅಂಗಡಿಯ ಕ್ಷೌರಿಕ ಕತ್ತಿ ಕೆಳಗಿಡುತ್ತಿದ್ದನಂತೆ. ಇದು ಅವರ ಅಮ್ಮ ಹೇಳಿದ್ದು, ಅಮ್ಮಂದಿರು ಇಂಥವನ್ನು ಸ್ವಲ್ಪ ಉಬ್ಬಿಸಿಯೇ ಹೇಳುತ್ತಾರೆ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಕಿವಿಯಲ್ಲಿ ಏನೋ ಗುಟ್ಟು ಹೇಳಿದರೆ, ಮಾರನೆಯ ದಿನ ಪಕ್ಕದ ಮನೆಯವರೆಲ್ಲ ಮುಸಿಮುಸಿ ನಕ್ಕರಂತೆ. ಇದು ಹೆಂಡತಿ ಹೇಳಿದ್ದು, ಇದರಲ್ಲಿ ಉಬ್ಬಿಸಿದ್ದು ಏನೂ ಇಲ್ಲ.

ಆದರೆ ಕಹಳೆಯವರ ಹೆಮ್ಮೆ ಇದ್ದದ್ದು ದನಿಯ ಮೇಲಲ್ಲ. "ಕೂಗೋದಕ್ಕೆ ಗಂಟಲು ಸಾಕು, ಕರೆಯೋದಕ್ಕೆ ಮನಸ್ಸು ಬೇಕು" ಎನ್ನುತ್ತಿದ್ದರು. ಬೆಳಿಗ್ಗೆ ಕೋರ್ಟು ಕೂರುವ ಮೊದಲೇ ಬೆಂಚುಗಳ ನಡುವೆ ಓಡಾಡಿ, ಹೊಸ ಮುಖ ಕಂಡರೆ ಹತ್ತಿರ ಹೋಗಿ, ನಿಮ್ಮ ಹೆಸರೇನು, ಮನೆಯಲ್ಲಿ ಹೇಗೆ ಕರೆಯುತ್ತಾರೆ ಎಂದು ಕೇಳಿ ನಾಲಿಗೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಆಮೇಲೆ ಕೂಗುವಾಗ ಕೊನೆಗೊಂದು "ಅವರೇ" ಸೇರಿಸುತ್ತಿದ್ದರು. ಸೈಕಲ್ ಕದ್ದವನಿಗೂ "ಅವರೇ", ಕದ್ದ ಸೈಕಲ್ ಕೊಂಡವನಿಗೂ "ಅವರೇ". ಕೇಳಿ ನಕ್ಕ ವಕೀಲರಿಗೆ, "ಕಳ್ಳನಾದ್ರೇನು ಸ್ವಾಮಿ, ಅವನ ತಾಯಿ ಮುದ್ದಿನಿಂದ ಇಟ್ಟ ಹೆಸರು ತಾನೇ? ಹೆಸರೇನು ಕಳ್ಳತನ ಮಾಡಿಲ್ವಲ್ಲ" ಎಂದು ಬಾಯಿ ಮುಚ್ಚಿಸಿದ್ದರು. ಒಮ್ಮೆ ಕೂಗಿದ ಹೆಸರನ್ನು ಅವರು ಮರೆತದ್ದೇ ಇಲ್ಲ. ಸಂಜೆ ಊಟಕ್ಕೆ ಕೂತಾಗ ಅಂದಿನ ಹೆಸರುಗಳನ್ನೆಲ್ಲ ಹೆಂಡತಿಗೆ ಒಪ್ಪಿಸುವುದು ರೂಢಿ. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಒಬ್ಬರೇ ಕೂತು ಊರವರ ಬಟ್ಟೆ ಹೊಲಿಯುವ ಆಕೆಗೂ ಅದೇ ಪೇಪರು, ಅದೇ ರೇಡಿಯೋ.

ಇಂಥ ಒಳ್ಳೆಯ ಗುಣವೇ ಒಂದು ದಿನ ಅವರಿಂದ ಮಾಡಬಾರದ್ದನ್ನು ಮಾಡಿಸಿತು.

ಬೇಕರಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗಿಯ ಕೇಸು ಅದು. ಅಂಗಡಿ ಮುಚ್ಚುವ ಹೊತ್ತಿನಲ್ಲಿ ಯಜಮಾನ ಶಟರ್ ಎಳೆದು ಅವಳ ಮೈಮೇಲೆ ಕೈಹಾಕಿದ್ದ. ಹುಡುಗಿ ಹೆದರಿ ಸುಮ್ಮನಾಗದೆ ಪೊಲೀಸರಿಗೆ ಹೇಳಿದ್ದಳು, ಕೇಸು ಕೋರ್ಟಿಗೆ ಬಂದಿತ್ತು. ಅಂದು ಅವಳು ಸಾಕ್ಷಿ ಹೇಳುವ ದಿನ. ಬೆಳಿಗ್ಗೆಯೇ ಬೆಂಚ್ ಕ್ಲರ್ಕು ಕಹಳೆಯವರನ್ನು ಕರೆದು, "ಈ ಕೇಸಲ್ಲಿ ಹುಡುಗಿ ಹೆಸರು ಹೊರಗೆ ಬರೋ ಹಾಗಿಲ್ಲ. ಕಾನೂನು ಇದೆ. ಒಂದನೇ ಸಾಕ್ಷಿ ಅಂತ ಕರೀರಿ, ಸಾಕು" ಎಂದಿದ್ದರು. ಕಹಳೆಯವರು ತಲೆಯಾಡಿಸಿದರು. ಆದರೆ ಅವರಿಗೆ ಹೊಳೆದ ಅರ್ಥವೇ ಬೇರೆ. ಹೊರಗೆ ಬರಬಾರದು ಅಂದರೆ ಪೇಪರಿನಲ್ಲಿ ಬರಬಾರದು, ಅದು ಪೇಪರಿನವರಿಗೆ ಹೇಳಿದ ಮಾತು ಅಂದುಕೊಂಡರು. ಮನುಷ್ಯರನ್ನು ಅಂಕಿಯಿಂದ ಕರೆಯಲು ಇದೇನು ಪಾರ್ಸಲ್ ಆಫೀಸೇ?

ಕಂಬದ ಮರೆಯಲ್ಲಿ ಚಿಕ್ಕಮ್ಮನ ಪಕ್ಕ ಮುದುಡಿ ಕೂತಿದ್ದ ಹುಡುಗಿಯ ಹತ್ತಿರ ಹೋಗಿ, ಎಂದಿನಂತೆ ಬಗ್ಗಿ ಹೆಸರು ಕೇಳಿದರು. ಅವಳು ಹೇಳಿದಳು. ಎಷ್ಟು ಚಂದದ ಹೆಸರಮ್ಮ ಎಂದು ಮೆಚ್ಚಿ ಬಂದರು. ಸರದಿ ಬಂದಾಗ ಎದೆ ತುಂಬ ಉಸಿರೆಳೆದುಕೊಂಡು, ಅವಳ ಹೆಸರಿಗೆ ಒಂದು "ಅವರೇ" ಸೇರಿಸಿ, ಗೇಟಿನಾಚೆಯ ಟೀ ಅಂಗಡಿಗೂ ಕೇಳುವಂತೆ ಕೂಗಿದರು.

ಕಾರಿಡಾರಿನ ತುಂಬ ಬೇಕರಿಯವನ ಕಡೆಯವರಿದ್ದರು. ಅಣ್ಣ, ಭಾವಮೈದ, ಮೈದಾ ಸರಬರಾಜು ಮಾಡುವವನು, ವ್ಯಾನ್ ಓಡಿಸುವವನು. ಹುಡುಗಿ ಯಾರು ಎಂದು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಈಗ ಎಲ್ಲರ ಕತ್ತೂ ಒಟ್ಟಿಗೆ ಕಂಬದ ಕಡೆ ತಿರುಗಿತು. ಅಷ್ಟರಲ್ಲಿ ಎರಡನೆಯ ಕೂಗು. ಎದ್ದು ನಿಂತಿದ್ದ ಹುಡುಗಿ ಕೂತಳು. ಮೂರನೆಯ ಕೂಗಿಗೆ ಮತ್ತೆ ಎದ್ದು, ಕೋರ್ಟಿನ ಬಾಗಿಲಿಗೆ ಬೆನ್ನು ಹಾಕಿ, ಮೆಟ್ಟಿಲಿಳಿದು ಹೊರಟೇಹೋದಳು. ಚಿಕ್ಕಮ್ಮ ಚೀಲ ಎತ್ತಿಕೊಂಡು ಹಿಂದೆಯೇ ಓಡಿದರು. ಕಹಳೆಯವರ ಬಾಯಲ್ಲಿ ಕೊನೆಯ "ಅವರೇ" ಇನ್ನೂ ಮುಗಿದಿರಲಿಲ್ಲ.

ನ್ಯಾಯಾಧೀಶೆ ಅವರನ್ನು ಒಳಗೆ ಕರೆಸಿಕೊಂಡರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಆ ಹೊತ್ತಲ್ಲಿ ಬೇಕರಿಯಲ್ಲಿ ಇನ್ನೊಬ್ಬರು ಇರಲಿಲ್ಲ. ಅವಳು ಬಂದು ಹೇಳಿದ್ರೆ ಕೇಸು, ಇಲ್ಲದಿದ್ರೆ ಇಲ್ಲ. ಇನ್ನೊಂದು ದಿನ ಕೊಟ್ಟಿದ್ದೀನಿ. ಬರ್ತಾಳೋ ಇಲ್ವೋ ದೇವರಿಗೇ ಗೊತ್ತು" ಎಂದರು, ಅಷ್ಟೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಕಹಳೆಯವರು ಎಷ್ಟು ಜನಕ್ಕೆ ಹೇಳಿದ್ದರೋ. ಅದು ತಮಗೂ ಅನ್ವಯಿಸುತ್ತದೆ ಎಂದು ಅಂದೇ ಗೊತ್ತಾದದ್ದು. ಸಂಜೆ ತಟ್ಟೆಯ ಮುಂದೆ ಅನ್ನ ಕಲಸುತ್ತಾ ಕೂತರು, ತುತ್ತು ಎತ್ತಲಿಲ್ಲ. ಆದದ್ದನ್ನೆಲ್ಲ ಹೇಳಿದರು.

"ಅಯ್ಯೋ ಪಾಪ" ಎಂದರು ಹೆಂಡತಿ. ಆಮೇಲೆ ರೂಢಿಯಂತೆ ಕೇಳಿಬಿಟ್ಟರು, "ಹೆಸರೇನ್ರೀ ಆ ಹುಡುಗಿದು?"

ಕಹಳೆಯವರ ಬಾಯಿ ತೆರೆಯಿತು, ತೆರೆದದ್ದು ಹಾಗೇ ನಿಂತಿತು. "ನಾಳೆ ಹೇಳ್ತೀನಿ" ಎಂದು ಎದ್ದು ಕೈತೊಳೆದರು.

ಕೋರ್ಟಿನ ಹಿಂಭಾಗದಲ್ಲಿ ನೊಂದವರಿಗೆ ನೆರವು ಕೊಡುವ ಒಂದು ಕೋಣೆಯಿದೆ. ಅದನ್ನು ನೋಡಿಕೊಳ್ಳುವಾಕೆಗೆ ಕೊಡೆಯಮ್ಮ ಎಂದು ಹೆಸರು. ಬಿಸಿಲಿರಲಿ, ಮೋಡವಿರಲಿ, ಬಸ್ಸು ಇಳಿದ ಸಾಕ್ಷಿಯ ಮುಖಕ್ಕೆ ಅಡ್ಡವಾಗಿ ದೊಡ್ಡ ಕಪ್ಪು ಕೊಡೆ ಹಿಡಿದೇ ಕರೆತರುತ್ತಿದ್ದರು. ಮಾರನೆಯ ದಿನ ಕಹಳೆಯವರು ಅವರ ಮುಂದೆ ಹೋಗಿ ನಿಂತರು.

"ಮನೆ ಎಲ್ಲಿ ಅಂತ ಹೇಳಿ ಅಕ್ಕ. ಕಾಲು ಹಿಡಿದು ಕ್ಷಮೆ ಕೇಳ್ತೀನಿ."

"ಮೊದಲು ಮೆಲ್ಲಗೆ ಮಾತಾಡಿ, ಗೋಡೆ ಆಚೆಗೂ ಕಿವಿಗಳಿವೆ" ಎಂದರು ಕೊಡೆಯಮ್ಮ. "ಕೋರ್ಟಿನವರು ಸಾಕ್ಷಿ ಮನೆಗೆ ಹೋಗೋ ಹಾಗಿಲ್ಲ. ಹೋದರೂ, ಕ್ಷಮೆ ಕೇಳಿ ನೀವು ಹಗುರ ಆಗ್ತೀರಿ. ಅವಳಿಗೇನು ಸಿಗತ್ತೆ?"

"ನಾನು ಮರ್ಯಾದೆ ಕೊಟ್ಟೇ ಕರೆದೆ ಕಣಕ್ಕ..."

"ಗೊತ್ತು. ಆದ್ರೆ ಆ ಹೆಸರು ಅವಳದು. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನೋದು ಅವಳಿಗೆ ಬಿಟ್ಟದ್ದು. ಒಂದು ಸಲ ಅವನು ಅವಳನ್ನ ಕೇಳದೆ ಕೈಹಾಕಿದ. ಇನ್ನೊಂದು ಸಲ ನಾವೂ ಕೇಳದೆ ಏನನ್ನೋ ಕಿತ್ತುಕೊಂಡ ಹಾಗಾಯ್ತು."

ಕಹಳೆಯವರಿಗೆ ಕಪಾಳಕ್ಕೆ ಹೊಡೆದಂತಾಯಿತು. ಕಣ್ಣು ಒದ್ದೆಯಾಯಿತು, ಮುಚ್ಚಿಡಲೂ ಹೋಗಲಿಲ್ಲ. ಕೊಡೆಯಮ್ಮನಿಗೂ ಕರುಳು ಚುರ್ ಎಂದಿರಬೇಕು. ಕುರ್ಚಿ ಎಳೆದು ಕೂರಿಸಿದರು. "ಮಾಡಲೇಬೇಕು ಅಂತಿದ್ರೆ ನಿಮ್ಮ ಕೆಲಸ ಮಾಡಿ. ಅವಳಿಗೆ ಪ್ರತ್ಯೇಕ ಕೋಣೆ ಕೊಡಬೇಕು ಅಂತ ಇದೆ. ಅವನ ಮುಖ ಕಾಣದ ಹಾಗೆ ಪರದೆ ಇಡಬೇಕು ಅಂತ ಇದೆ. ಬಾಗಿಲು ಮುಚ್ಚಿ ವಿಚಾರಣೆ ಮಾಡಬೇಕು ಅಂತ ಇದೆ. ಪಕ್ಕದಲ್ಲಿ ಅವಳಿಗೆ ಬೇಕಾದವರು ಕೂರಬಹುದು ಅಂತಲೂ ಇದೆ. ಎಲ್ಲಾ ಇದೆ, ಪುಸ್ತಕದಲ್ಲಿ. ನಾನು ಕೇಳಿ ಕೇಳಿ ಸೋತೆ" ಎಂದರು.

ಅವರು ಕೇಳಿದ್ದು ಸುಳ್ಳಲ್ಲ. ಆದರೆ ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ. ಮೇಲಿನವರು ಕೆಳಗಿನವರಿಗೆ ಹೇಳಿ, ಕೆಳಗಿನವರು ಇನ್ನೂ ಕೆಳಗಿನವರಿಗೆ ಹೇಳಿ, ಆ ಪ್ರತ್ಯೇಕ ಕೋಣೆಯಲ್ಲಿ ಕಾಲು ಮುರಿದ ಕುರ್ಚಿಗಳು ಛಾವಣಿಯವರೆಗೆ ರಾಶಿ ಬಿದ್ದಿದ್ದವು. ಹಿಂಬಾಗಿಲ ಅಗುಳಿ ತುಕ್ಕು ಹಿಡಿದು ಗೋಡೆಗೇ ಅಂಟಿಕೊಂಡಿತ್ತು. ಇನ್ನು ಚಕ್ರದ ಮೇಲೆ ಉರುಳುವ ಆ ಪರದೆಯೋ? ಅದು ಎಲ್ಲಿದೆ ಎಂದು ಕಹಳೆಯವರಿಗೆ ಚೆನ್ನಾಗಿ ಗೊತ್ತಿತ್ತು. ಜವಾನರ ಕೋಣೆಯಲ್ಲಿ ಊಟದ ಡಬ್ಬಿ ತೊಳೆಯುವ ಮೂಲೆಗೆ ಮರೆಯಾಗಿ ನಿಂತಿತ್ತು. ಅದರ ಮೇಲೆ ಕೈ ಒರೆಸಿದವರಲ್ಲಿ ಕಹಳೆಯವರೂ ಒಬ್ಬರು.

ಅಂದಿನಿಂದ ಅವರು ಬಿಡುವು ಸಿಕ್ಕಾಗಲೆಲ್ಲ ಅಂಗಿಯ ತೋಳು ಮಡಚಿದರು. ಕುರ್ಚಿಗಳನ್ನು ಹೊತ್ತು ಉಗ್ರಾಣಕ್ಕೆ ಹಾಕಿದರು, ನೆಲ ತಿಕ್ಕಿದರು. ಅಗುಳಿಗೆ ಎಣ್ಣೆ ಕುಡಿಸಿ ಕುಡಿಸಿ, ಕೊನೆಗೆ ಅದು ಚಿಲಕವೋ ಬೆಣ್ಣೆಯೋ ಎನ್ನುವ ಹಾಗೆ ಜಾರತೊಡಗಿತು. ಪರದೆಯ ಬಟ್ಟೆ ಬಿಚ್ಚಿ ಮನೆಗೆ ತಂದರು. ಹೆಂಡತಿ ಅದನ್ನು ಮೂಸಿ, "ಇದನ್ನ ಒಗೆಯೋದಲ್ಲ, ಮಣ್ಣು ಮಾಡಬೇಕು" ಎಂದು ದೂರ ಎಸೆದರು. ಬದಲಿಗೆ ತಮ್ಮ ಪೆಟ್ಟಿಗೆಯಿಂದ ತಿಳಿನೀಲಿ ಬಟ್ಟೆ ತೆಗೆದು, ಬೆಳಕಿಗೆ ಹಿಡಿದು ನೋಡಿ, ಆಚೆಯ ನೆರಳೂ ಕಾಣಬಾರದೆಂದು ಎರಡು ಪದರ ಸೇರಿಸಿ ಹೊಲಿದರು. ಯಾರೂ ಹೇಳದಿದ್ದರೂ ಒಳಬದಿಗೆ ಒಂದು ಪುಟ್ಟ ಜೇಬಿಟ್ಟರು. "ಅಳು ಬಂದ್ರೆ ಕರವಸ್ತ್ರ ಇಟ್ಟುಕೊಳ್ಳಲಿ. ಗಂಡಸರಿಗೆ ಇದೆಲ್ಲ ಎಲ್ಲಿ ಹೊಳೆಯತ್ತೆ" ಎಂದರು.

ಇಷ್ಟೆಲ್ಲ ಸುಲಭವಾಯಿತು. ಕಷ್ಟವಾದದ್ದು ಪಿಸುಮಾತು. ಇಂಥ ಸಾಕ್ಷಿಯನ್ನು ಇನ್ನು ಕೂಗಿ ಕರೆಯದೆ, ಕೋಣೆಗೇ ಹೋಗಿ ಮೆಲ್ಲಗೆ ಕರೆತರಬೇಕೆಂದು ನ್ಯಾಯಾಧೀಶೆ ಹೇಳಿದ್ದರು. ಕಹಳೆಯವರು ಮನೆಯಲ್ಲಿ ಅಭ್ಯಾಸಕ್ಕೆ ನಿಂತರು. ಹೆಂಡತಿ ಅಡುಗೆಮನೆಯಲ್ಲಿ ಸಾಕ್ಷಿಯಂತೆ ಕೂರುವುದು, ಇವರು ಬಾಗಿಲು ತಟ್ಟಿ "ಬನ್ನಿಮ್ಮ" ಎನ್ನುವುದು.

"ಬನ್ನಿಮ್ಮ!"

ಕಿಟಕಿಯಾಚೆಯಿಂದ ಪಕ್ಕದ ಮನೆಯಾಕೆ, "ಏನಣ್ಣ, ಕರೆದ್ರಾ?" ಎಂದರು.

"ನಿಮ್ಮನ್ನಲ್ಲ, ಹೋಗಿ ಕೆಲಸ ನೋಡಿ" ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಟ್ಟುಗುಣ ಸುಟ್ಟರೂ ಹೋಗದು. ಬಾಯಿಗೆ ಟವೆಲ್ ಅಡ್ಡ ಹಿಡಿದು ನೋಡಿದರು, ಉಸಿರು ಬಿಗಿಹಿಡಿದು ನೋಡಿದರು, ಬಗ್ಗಿ ನೋಡಿದರು. ದನಿ ಒಂದಿಷ್ಟೂ ತಗ್ಗಲಿಲ್ಲ. ಕೊನೆಗೆ ಹೆಂಡತಿಯೇ, "ನಿಮ್ಮ ಕೈಲಾಗಲ್ಲ ಬಿಡಿ. ಬಾಗಿಲು ತಟ್ಟಿ, ಬಾಯಿ ಮುಚ್ಚಿಕೊಂಡು ನಿಂತ್ಕೊಳ್ಳಿ. ಅವಳಿಗೆ ಅರ್ಥ ಆಗತ್ತೆ" ಎಂದರು.

ಅತ್ತ ಕೊಡೆಯಮ್ಮ ಹುಡುಗಿಯ ಮನೆಗೆ ಹೋಗಿ ಬರುತ್ತಿದ್ದರು. ಬಾ ಎಂದು ಒತ್ತಾಯ ಮಾಡಲಿಲ್ಲ. ಪರದೆಯ ವಿಷಯ ಹೇಳಿದರು, ಚಿಕ್ಕಮ್ಮ ಪಕ್ಕದಲ್ಲೇ ಕೂರಬಹುದು ಎಂದರು, ಯಾರಾದರೂ ಬೆದರಿಸಿದರೆ ಮನೆಯಿಂದ ಕೋರ್ಟಿನವರೆಗೆ ಪೊಲೀಸರು ಜೊತೆಗೆ ಬರಲಿ ಎಂದು ಕೇಳುವ ಹಕ್ಕು ಅವಳಿಗಿದೆ ಎಂದರು. ಕೆಲಸ ಹೋಗಿ ಮನೆಯಲ್ಲಿ ಕೂತದ್ದಕ್ಕೆ ಸರ್ಕಾರದಿಂದ ಪರಿಹಾರ ಕೇಳಬಹುದು, ಅದು ಭಿಕ್ಷೆಯಲ್ಲ ಎಂದೂ ಹೇಳಿದರು. ಹುಡುಗಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳಂತೆ: "ಕರೆಯೋರು ಯಾರು? ಅವರೇನಾ?" ಹೌದು ಎಂದರು ಕೊಡೆಯಮ್ಮ. ಆಮೇಲೆ, "ಹಿಂಬಾಗಿಲವರೆಗೆ ಬರ್ತೀನಿ. ಒಳಗೆ ಬರೋದು ಬಿಡೋದು ಅಲ್ಲಿ ನೋಡ್ತೀನಿ" ಎಂದಳಂತೆ.

ಆ ದಿನ ಕಪ್ಪು ಕೊಡೆಯ ಕೆಳಗೆ ಮೂರು ಜೊತೆ ಕಾಲು ಹಿಂಬಾಗಿಲಿಗೆ ಬಂದವು. ಅಗುಳಿ ಸದ್ದಿಲ್ಲದೆ ಸರಿಯಿತು. ಹುಡುಗಿ ಹೊಸ್ತಿಲ ಮುಂದೆ ನಿಂತು ಒಳಗೆ ಇಣುಕಿದಳು. ತಿಕ್ಕಿದ ನೆಲ, ಎರಡು ನೆಟ್ಟಗಿನ ಕುರ್ಚಿ, ಒಂದು ಹೂಜಿ ನೀರು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಒಳಗೆ ಬಂದಳು. ದೂರದಲ್ಲಿ ಗೋಡೆಯ ಮರೆಯಲ್ಲಿದ್ದ ಕಹಳೆಯವರು ಸದ್ದಿಲ್ಲದೆ ತಮ್ಮ ಬಾಗಿಲಿಗೆ ಹೋಗಿ ನಿಂತರು.

ಸರದಿ ಬಂದಾಗ ಹೋಗಿ ಬಾಗಿಲು ತಟ್ಟಿದರು. ತೆರೆದು ನಿಂತರು. ಅವರನ್ನು ಕಂಡು ಹುಡುಗಿಯ ಕೈ ಚಿಕ್ಕಮ್ಮನ ತೋಳನ್ನು ಹಿಡಿಯಿತು. ಕಹಳೆಯವರು ತುಟಿ ಬಿಗಿಹಿಡಿದು, ತಲೆ ತಗ್ಗಿಸಿ, ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

"ನಾನಾ?" ಎಂದಳು ಹುಡುಗಿ.

ಅವರು ತಲೆಯಾಡಿಸಿದರು. ಅವಳು ಎದ್ದಳು. ಒಳಗೆ ನೀಲಿ ಪರದೆಯ ಹಿಂದೆ ಅವಳು ಕೂತಮೇಲೆ, ಸಂಬಂಧವಿಲ್ಲದವರನ್ನೆಲ್ಲ ಹೊರಗೆ ಕಳಿಸಿ, ಕಹಳೆಯವರೂ ಹೊರಬಂದು ಬಾಗಿಲು ಮುಚ್ಚಿ ಕಾವಲು ನಿಂತರು.

ಮೊದಮೊದಲು ಒಳಗಿನಿಂದ ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಬೇಕರಿಯವನ ವಕೀಲರ ದನಿ ಏರಿತು. ಅದರ ಹಿಂದೆಯೇ ಹುಡುಗಿಯ ದನಿಯೂ ಏರಿತು. "ಇಲ್ಲ ಸರ್, ನಾನು ಹೇಳೋದನ್ನ ಪೂರ್ತಿ ಕೇಳಿ" ಎಂದದ್ದು ಸ್ಪಷ್ಟವಾಗಿ ಹೊರಗೆ ಬಂತು. ಕಹಳೆಯವರಿಗೆ ಹಿಗ್ಗಾಯಿತು, ಮರುಕ್ಷಣವೇ ಅನುಮಾನ ಬಂತು. ಬಾಗಿಲು ಮುಚ್ಚಿದ್ದರೂ ದನಿ ಬಂದದ್ದೆಲ್ಲಿಂದ? ತಲೆಯೆತ್ತಿ ನೋಡಿದರು. ಬಾಗಿಲ ಮೇಲಿನ ಗಾಳಿಕಿಂಡಿಗೆ ಗಾಜಿರಲಿಲ್ಲ. ಅದನ್ನು ತೆಗೆಸಿದವರು ಅವರೇ. ತಾವು ಹೊರಗೆ ಮೂರು ಸಲ ಕೂಗಿದ್ದು ಒಳಗಿದ್ದವರಿಗೂ ಕೇಳಿಸಲಿ ಎಂದು ಹಿಂದೊಮ್ಮೆ ಹಟ ಹಿಡಿದು ತೆಗೆಸಿದ್ದರು. ಕೋಣೆ, ಪರದೆ, ಅಗುಳಿ ಎಲ್ಲ ನೆನಪಾಗಿತ್ತು, ತಮ್ಮ ತಲೆಯ ಮೇಲಿನ ತೂತು ಮಾತ್ರ ನೆನಪಾಗಿರಲಿಲ್ಲ.

ಬೇಕರಿಯವನ ಭಾವಮೈದ ಅದನ್ನಾಗಲೇ ಕಂಡುಕೊಂಡಿದ್ದ. ಬೆಂಚನ್ನು ಕಿಂಡಿಯ ಕೆಳಗೆ ಎಳೆದು, ಸುತ್ತಲಿನವರಿಗೆ ಸದ್ದು ಮಾಡಬೇಡಿ ಎಂದು ಬೆರಳು ತೋರಿಸಿ, ಕತ್ತು ನೀಡಿದ. ನಾಲ್ಕು ಜನ ಅವನ ಪಕ್ಕ ಸೇರಿದರು. ಅವಳ ಒಂದೊಂದು ಮಾತೂ ಇನ್ನು ಊರ ಬಾಯಿಗೆ ಬೀಳುವುದರಲ್ಲಿತ್ತು.

ಕಹಳೆಯವರು ಎದೆ ತುಂಬ ಉಸಿರೆಳೆದುಕೊಂಡರು. ಮಧ್ಯಾಹ್ನದ ಮೊದಲ ಕೇಸಿನ ಹೆಸರನ್ನು ಕೂಗಿದರು.

ಭಾವಮೈದ ಬೆಂಚಿನಿಂದ ಬೀಳುವುದೊಂದು ಬಾಕಿ. ಕೂಗಿಸಿಕೊಂಡ ರೈತ ಏದುಸಿರು ಬಿಡುತ್ತಾ ಓಡಿಬಂದ. "ಇನ್ನೂ ಟೈಮಿದೆ, ಕೂತ್ಕೊಳ್ಳಿ!" ಎಂದು ಅದನ್ನೂ ಕೂಗಿಯೇ ಹೇಳಿ, ಮುಂದಿನ ಹೆಸರಿಗೆ ಹೋದರು. ಒಂದೊಂದನ್ನೂ ಮೂರು ಸಲ, ಒಂದೊಂದಕ್ಕೂ ಉದ್ದನೆಯ "ಅವರೇ". ಜನ ಬರುವುದು, ಬೈಸಿಕೊಳ್ಳುವುದು, ಕೂರುವುದು. ಅಂದಿನ ಪಟ್ಟಿಯ ಹೆಸರುಗಳು ಮುಗಿದವು. ಹುಡುಗಿಯ ದನಿ ಮುಗಿದಿರಲಿಲ್ಲ. ಕಹಳೆಯವರು ಹಿಂದಿನ ವರ್ಷಗಳಿಗೆ ನುಗ್ಗಿದರು. ಸೈಕಲ್ ಕದ್ದವನನ್ನು ಕೂಗಿದರು, ಕೊಂಡವನನ್ನು ಕೂಗಿದರು. ಬೇಲಿಯ ಜಗಳದ ಇಬ್ಬರು ಅಕ್ಕತಂಗಿಯರನ್ನು ಕೂಗಿದರು. ಮನೆ ಬಿಡಲೊಲ್ಲದ ಬಾಡಿಗೆದಾರನನ್ನು ಮನೆತನದ ಹೆಸರಿನೊಂದಿಗೆ ಕೂಗಿದರು.

"ರೀ ಕಹಳೆಯವರೇ, ಅವನು ಸತ್ತು ಎಷ್ಟು ಕಾಲ ಆಯ್ತು!" ಎಂದರು ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದಿ ವಕೀಲರು.

"ಸತ್ರೂ ಹಾಜರಿ ಹಾಜರೀನೇ ಸ್ವಾಮಿ!" ಎಂದು ಗುಡುಗಿ ಅವನನ್ನೇ ಇನ್ನೊಮ್ಮೆ ಕೂಗಿದರು.

ಬೆಂಚ್ ಕ್ಲರ್ಕು ಬಾಗಿಲು ತೆರೆದು ಕೆಂಡದ ಮುಖ ಹೊರಗೆ ಹಾಕಿದರು. "ತಲೆಗಿಲೆ ಕೆಟ್ಟಿದೆಯೇನ್ರೀ?" ಕಹಳೆಯವರು ಕೂಗು ನಿಲ್ಲಿಸದೆ ಮೊದಲು ಕಿಂಡಿಯನ್ನೂ ಆಮೇಲೆ ಬೆಂಚನ್ನೂ ತೋರಿಸಿದರು. ಕ್ಲರ್ಕು ನೋಡಿದರು, ಒಳಗೆ ಹೋದರು, ತಿರುಗಿ ಬಂದರು. "ಬೆಂಚಿನ ಮೇಲೆ ನಿಂತೋರು ಈಗಲೇ ಕೆಳಗಿಳಿದು ಗೇಟಿನಾಚೆ ಹೋಗಬೇಕಂತೆ. ನೀವು ಸ್ವಲ್ಪ ಆ ಕಡೆ ತಿರುಗಿ ಕೂಗಬೇಕಂತೆ. ಮೇಡಂ ಹೇಳಿದ್ರು" ಎಂದು ಬಾಗಿಲು ಹಾಕಿಕೊಂಡರು.

ಬೆಂಚು ಖಾಲಿಯಾದರೂ ಕಾರಿಡಾರಿನಲ್ಲಿ ಕಿವಿಗಳಿಗೇನು ಬರವೇ? ಕಹಳೆಯವರು ಆ ಕಡೆ ತಿರುಗಿ ಕೂಗಿದರು. ತಮ್ಮ ಜೀವಮಾನದಲ್ಲಿ ಆ ಬಾಗಿಲಲ್ಲಿ ಕರೆದವರನ್ನೆಲ್ಲ, ಗೆದ್ದವರು ಸೋತವರೆನ್ನದೆ, ಮತ್ತೊಮ್ಮೆ ಕರೆದರು. ಕೊನೆಗೆ ಬಾಗಿಲು ತೆರೆದಾಗ ಅವರ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು.

ಹಿಂಬಾಗಿಲಲ್ಲಿ ಕೊಡೆಯಮ್ಮ ಕೊಡೆ ಬಿಚ್ಚುತ್ತಿದ್ದರು. ಹುಡುಗಿಯ ಕಣ್ಣು ಕೆಂಪಾಗಿತ್ತು, ಕೈಯಲ್ಲಿ, ಪರದೆಯ ಜೇಬಿನಲ್ಲಿ ಯಾರೋ ಇಟ್ಟಿದ್ದ ಹೂವಿನ ಕರವಸ್ತ್ರವಿತ್ತು. ಕಹಳೆಯವರನ್ನು ಕಂಡು ಈ ಸಲ ಅವಳೇ ನಿಂತಳು.

"ಒಳಗೆ ನಿಮ್ಮ ಕೂಗು ಕೇಳಿಸ್ತಿತ್ತು" ಎಂದಳು. "ಮೊದಲು ಕೈಕಾಲು ತಣ್ಣಗಾಯ್ತು. ಆಮೇಲೆ ಕಿವಿಗೊಟ್ಟು ಕೇಳಿದೆ. ಊರಲ್ಲಿರೋ ಎಲ್ಲರ ಹೆಸರೂ ಇತ್ತು. ನನ್ನದು ಮಾತ್ರ ಇರಲಿಲ್ಲ."

ಕಹಳೆಯವರು ಬಾಯಿ ತೆರೆದರು. ಟವೆಲ್ ಹಿಡಿದು, ಉಸಿರು ಬಿಗಿಹಿಡಿದು, ಬಗ್ಗಿ, ಎಷ್ಟು ಒದ್ದಾಡಿದರೂ ಬಾರದಿದ್ದ ದನಿ ಈಗ ತಾನಾಗಿ ಬಂತು.

"ಹೋಗಿ ಬಾಮ್ಮ" ಎಂದರು. ಅದು ಅವಳಿಗೊಬ್ಬಳಿಗೇ ಕೇಳಿಸಿತು.

ಬೇಕರಿಯವನಿಗೆ ಶಿಕ್ಷೆಯಾದದ್ದು ಗಾಳಿಕಿಂಡಿಗೆ ಹೊಸ ಗಾಜು ಕೂತಮೇಲೆ. ಹುಡುಗಿಗೆ ಪರಿಹಾರ ಕೊಡಬೇಕೆಂದೂ ತೀರ್ಪಿನಲ್ಲಿತ್ತು. ಅಂದು ಸಂಜೆ ಕಹಳೆಯವರು ಊಟಕ್ಕೆ ಕೂತು, ಅಂದಿನ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಒಪ್ಪಿಸಿದರು. ಬೇಕರಿ ಕೇಸು ಮುಗಿದ ಸುದ್ದಿಯನ್ನೂ ಹೇಳಿದರು. ಹೆಂಡತಿ ಅನ್ನ ಬಡಿಸುತ್ತಾ ನೆನಪಿಸಿಕೊಂಡರು.

"ಅಲ್ಲಾ, ಅವತ್ತು ನಾಳೆ ಹೇಳ್ತೀನಿ ಅಂದ್ರಲ್ಲ. ಏನ್ರೀ ಆ ಹುಡುಗಿ ಹೆಸರು?"

ಸತ್ತವರ ಹೆಸರನ್ನೂ ಮರೆಯದ ಕಹಳೆಯವರು ತುತ್ತು ಕಲಸುತ್ತಾ ಯೋಚಿಸುವವರಂತೆ ಮಾಡಿದರು.

"ಯಾಕೋ ನೆನಪೇ ಬರ್ತಿಲ್ಲ ಕಣೇ" ಎಂದರು.

ಹೆಂಡತಿ ಅವರ ಮುಖವನ್ನೇ ನೋಡಿದರು. ಆಮೇಲೆ ಇನ್ನೊಂದು ಸೌಟು ಅನ್ನ ಹಾಕಿ, "ವಯಸ್ಸಾಯ್ತು ನಿಮಗೆ, ಊಟ ಮಾಡಿ" ಎಂದರು.